‘ತಕ್ಕದ್ದು’ ಹೋಗಿ ‘ಒಳ್ಳೆಯದು’ ಬಂತು

ಸರ್ಕಾರಿ ಗೆಜೆಟ್ ಓದಿ ಅಭ್ಯಾಸವಿರುವವರಿಗೆ ‘ತಕ್ಕದ್ದು’ ಪದದ ತೂಕ ಗೊತ್ತು. ‘ಮಾಡತಕ್ಕದ್ದು’ ಅಂದರೆ ತಪ್ಪಿಸಿಕೊಳ್ಳುವಂತಿಲ್ಲ. ‘ಮಾಡಿದರೆ ಒಳ್ಳೆಯದು’ ಅಂದರೆ ದೇವರಿದ್ದಾನೆ. 2015ರ ಡಿಸೆಂಬರ್ 12ರಂದು ಪ್ಯಾರಿಸ್ಸಿನ ವಿಶ್ವಸಂಸ್ಥೆ ಹವಾಮಾನ ಸಮ್ಮೇಳನದಲ್ಲಿ ಇಡೀ ಜಗತ್ತು ಈ ಎರಡರ ನಡುವೆ ಕಾದು ಕೂತಿತ್ತು. ಶ್ರೀಮಂತ ದೇಶಗಳ ಹೊಗೆ ಕಡಿತದ 4.4ನೇ ಕಲಮಿನಲ್ಲಿ ‘ತಕ್ಕದ್ದು’ ನುಸುಳಿತ್ತು. ಅದು ಉಳಿದರೆ ಒಪ್ಪಂದ ಒಪ್ಪಿಗೆಗಾಗಿ ತನ್ನ ಸೆನೆಟ್ ಮೆಟ್ಟಿಲು ಹತ್ತಬೇಕಾದೀತೆಂದು ಅಮೆರಿಕಕ್ಕೆ ದಿಗಿಲು. ಕೊನೆಗೆ ಸಮ್ಮೇಳನದ ಸಚಿವಾಲಯದ ಅಧಿಕಾರಿಯೊಬ್ಬರು ಸಣ್ಣಪುಟ್ಟ ತಾಂತ್ರಿಕ ತಿದ್ದುಪಡಿಗಳ ಜೊತೆ ‘ತಕ್ಕದ್ದು’ ಬದಲು ‘ಒಳ್ಳೆಯದು’ ಎಂಬುದನ್ನೂ ಸರಸರನೆ ಓದಿ ಮುಗಿಸಿದರು. ಕೈತಪ್ಪಿನಿಂದ ಆದದ್ದಂತೆ!

ಈ ಹವಾಮಾನ ಸಭೆಯ ಅಡುಗೆಯೇ ಹೀಗೆ. ಯಾವ ದೇಶಕ್ಕೆ ಯಾವ ಪದ ಒಗ್ಗದೋ ಆ ಪದಕ್ಕೆ ಚೌಕ ಆವರಣ ತೊಡಿಸುತ್ತಾರೆ. ಮೊದಲ ವಾರ ಅಧಿಕಾರಿಗಳು ತೊಡಿಸಿದ್ದನ್ನು ಎರಡನೇ ವಾರ ಮಂತ್ರಿಗಳು ಬಂದು ಬಿಚ್ಚಬೇಕು. ಬಿಚ್ಚಲಾಗದ್ದಕ್ಕೆ ಸಭಾ ನಿಯಮಾವಳಿಯ 16ನೇ ನಿಯಮ: ಮುಗಿಯದ ವಿಷಯ ತಾನಾಗಿಯೇ ಮುಂದಿನ ಸಭೆಗೆ. ಮತ ಹಾಕಿ ಮುಗಿಸಬಾರದೇ? ಅದಕ್ಕೆ 42ನೇ ನಿಯಮವಿದೆ. 1995ರ ಬರ್ಲಿನ್ ಸಭೆಯಿಂದ ಇಂದಿನವರೆಗೆ ಅಂಗೀಕಾರವಾಗಿಲ್ಲ. ಮತದಾನದ ನಿಯಮಕ್ಕೇ ಸರ್ವಸಮ್ಮತಿ ಬೇಕು, ತೈಲ ದೇಶಗಳು ಕೊಡುವುದಿಲ್ಲ.

ಸರ್ವಸಮ್ಮತಿ ಎಂದರೆ ಅಧ್ಯಕ್ಷರ ಕೈಯ ವೇಗ. 2010ರ ಕಾನ್‌ಕುನ್‌ನಲ್ಲಿ ಬೊಲಿವಿಯಾ ಒಲ್ಲೆ ಎಂದರೂ ಒಪ್ಪಿಗೆಯಾಯಿತೆಂದು ಸಾರುವ ಸುತ್ತಿಗೆ ಬಿತ್ತು. 2012ರ ದೋಹಾದಲ್ಲಿ ರಷ್ಯಾ ತನ್ನ ನಾಮಫಲಕ ಬಡಿಯುತ್ತಿದ್ದಾಗಲೇ ಬಿತ್ತು. 2024ರ ಬಾಕುವಿನಲ್ಲಿ ಬೆಳೆಯುತ್ತಿರುವ ದೇಶಗಳಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ನೆರವಿನ ಗುರಿ ಸಾಲದೆಂದು ಹೇಳಲು ಭಾರತ ಮೊದಲೇ ಅವಕಾಶ ಕೇಳಿತ್ತು. ಮೈಕು ಸಿಕ್ಕಿದ್ದು ಸುತ್ತಿಗೆ ಬಿದ್ದ ಮೇಲೆ. ಎಲೆ ಎತ್ತಿದ ಮೇಲೆ ಉಪ್ಪು ಬಡಿಸಿದರು.

ಪದ ತಿದ್ದುವುದರಲ್ಲಿ ನಮ್ಮವರೇನೂ ಹಿಂದಿಲ್ಲ. 2021ರ ಗ್ಲಾಸ್ಗೋದಲ್ಲಿ ಕಲ್ಲಿದ್ದಲಿನ ವಿದ್ಯುತ್ತನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಕೊನೇ ಗಳಿಗೆಯಲ್ಲಿ ‘ಇಳಿಸುವುದು’ ಆಯಿತು, ಭಾರತದ ಬಾಯಿಂದಲೇ. 2023ರ ದುಬೈನಲ್ಲಿ ಅಬುಧಾಬಿ ತೈಲ ಕಂಪನಿಯ ಮುಖ್ಯಸ್ಥರೇ ಅಧ್ಯಕ್ಷರು. ಪಳೆಯುಳಿಕೆ ಇಂಧನದಿಂದ ‘ದೂರ ಸರಿಯುವುದು’ ಎಂಬ ಮಾತು ಬಂದದ್ದು ಅವರ ಸಭೆಯಲ್ಲಿ! 2025ರಲ್ಲಿ ಅಮೆಜಾನ್ ಬಾಗಿಲಲ್ಲೇ, ಬೆಲೆಮ್‌ನಲ್ಲಿ ಸೇರಿದಾಗ 80ಕ್ಕೂ ಹೆಚ್ಚು ದೇಶಗಳು ಅದಕ್ಕೊಂದು ದಾರಿನಕ್ಷೆ ಕೇಳಿದವು. ಅಂತಿಮ ನಿರ್ಣಯದಲ್ಲಿ ಆ ಇಂಧನದ ಹೆಸರೇ ಇಲ್ಲ. ನವೆಂಬರ್ 20ರಂದು ಅಲ್ಲಿನ ಮಳಿಗೆಗಳಿಗೆ ಬೆಂಕಿ ಬಿತ್ತು. ಹೊರಗೆ ಓಡುವ ನಿರ್ಣಯಕ್ಕೆ ಮಾತ್ರ ಯಾರೂ ಚೌಕ ಆವರಣ ಹಾಕಲಿಲ್ಲ.

ಮುಂದಿನದು 2026ರ ನವೆಂಬರ್‌ನಲ್ಲಿ, ತುರ್ಕಿಯ ಅಂತಾಲ್ಯದಲ್ಲಿ. ಆತಿಥ್ಯ ತನಗೇ ಬೇಕೆಂದು ಆಸ್ಟ್ರೇಲಿಯಾವೂ ಪಟ್ಟು ಹಿಡಿದಿದ್ದರಿಂದ ಪಂಚಾಯಿತಿ ನಡೆದು, ಚಪ್ಪರ ತುರ್ಕಿಯದು, ಮಾತುಕತೆ ನಡೆಸುವುದು ಆಸ್ಟ್ರೇಲಿಯಾ ಎಂದಾಗಿದೆ. ಕಾರ್ಯಸೂಚಿಯಲ್ಲಿ ‘ನಿಯಮಾವಳಿಯ ಅಂಗೀಕಾರ’ ಎಂಬ ಹಳೇ ಬಾಬತ್ತು ಈ ಸಲವೂ ಬರಬೇಕು.