ಚಿನ್ನ ಉಗುಳುವ ಮಣ್ಣು, ಅಮೆರಿಕದ ಗೋಧಿ

ಹಳೇ ಸಿನಿಮಾದ ತುಣುಕೊಂದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ, "ನೋಡಿ, ಆಗ ನಮ್ಮ ದೇಶ ಹೇಗಿತ್ತು!" ಅಂತ ನಿಟ್ಟುಸಿರು ಬಿಡುವ ದೊಡ್ಡಪ್ಪಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ಸ್ವಾಮಿ, ಅದು ದೇಶ ಅಲ್ಲ. ದೇಶ ಸ್ಟುಡಿಯೋಗೆ ಹೋಗಿ, ಪೌಡರ್ ಬಳಿದುಕೊಂಡು ತೆಗೆಸಿಕೊಂಡ ಫೋಟೋ.

1967ರ ಹಿಂದಿ ಸಿನಿಮಾ 'ಉಪಕಾರ್' ತಗೊಳ್ಳಿ. ಮನೋಜ್ ಕುಮಾರ್ ಪಾತ್ರದ ಹೆಸರೇ ಭಾರತ್. ಮೊದಲು ನೇಗಿಲು, ಆಮೇಲೆ ಬಂದೂಕು. ಶಾಸ್ತ್ರೀಜಿಯವರ ಜೈ ಜವಾನ್ ಜೈ ಕಿಸಾನ್ ಘೋಷಣೆಗೇ ಪ್ಯಾಂಟು ಶರಟು ಹಾಕಿ ನಿಲ್ಲಿಸಿದ ಹಾಗಿತ್ತು. ನಮ್ಮ ಮಣ್ಣು ಚಿನ್ನ ಉಗುಳುತ್ತದೆ ಅಂತ ಅದರಲ್ಲೊಂದು ಹಾಡು, ಆಗಸ್ಟ್ 15 ಬಂದರೆ ಈಗಲೂ ಮೈಕಿನಲ್ಲಿ ಕಿವಿಗೆ ಬೀಳುತ್ತದೆ. ಚಿನ್ನ ಹಾಗಿರಲಿ, ಆ ಹೊತ್ತಿಗೆ ಮಣ್ಣು ಸಾಕಷ್ಟು ಗೋಧಿಯನ್ನೂ ಉಗುಳುತ್ತಿರಲಿಲ್ಲ. ಸಾಲಾಗಿ ಎರಡು ವರ್ಷ ಬರ. 1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ಹಡಗಿನಲ್ಲಿ ಬಂತು, ಹೆಚ್ಚಿನದು ಅಮೆರಿಕದ್ದು, ಪಿಎಲ್-480 ಎಂಬ ಅವರ ಆಹಾರ ನೆರವಿನ ಕಾನೂನಿನ ಲೆಕ್ಕದಲ್ಲಿ. ಥಿಯೇಟರಿನಲ್ಲಿ ಆ ಹಾಡಿಗೆ ಶಿಳ್ಳೆ ಹೊಡೆದವರು ಮನೆಗೆ ಬಂದು ಅಮೆರಿಕದ ಗೋಧಿಯ ಚಪಾತಿ ತಿಂದರು. ನಾಳೆಯ ಶಿಳ್ಳೆಗೂ ಶಕ್ತಿ ಬೇಕಲ್ವಾ!

ನಾವೇನು ಕಮ್ಮಿ? 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಅಣ್ಣಾವ್ರು ಬಂಜರು ನೆಲವನ್ನು ಹಸಿರು ಮಾಡಿ, ಕೊನೆಗೆ ಎಲ್ಲ ಬಿಟ್ಟು ಹೊರಟೇಹೋದರು. ನೋಡಿ ಅಳದವರಿಲ್ಲ. ಹಳ್ಳಿಗೆ ಬನ್ನಿ, ಮಣ್ಣು ನಂಬಿ ಎಂದ ಆ ಸಿನಿಮಾವನ್ನು ನಮ್ಮ ಜನ ಬೆಂಗಳೂರಿನಲ್ಲೇ ಕೂತು, ತಿಂಗಳುಗಟ್ಟಲೆ, ಮತ್ತೆ ಮತ್ತೆ ಟಿಕೆಟ್ ತಗೊಂಡು ನೋಡಿದರು. (ಕೆಲವರು ನಿಜಕ್ಕೂ ಊರಿಗೆ ವಾಪಸ್ ಹೋದರಂತೆ, ಅವರಿಗೆ ಕೈ ಮುಗಿದೆ.) ಉಳಿದವರು ಕಣ್ಣೊರೆಸಿಕೊಂಡು ಸೈಟು ಹುಡುಕಲು ಹೋದರು. ಈಗ ಊರಾಚೆಯ ರಾಗಿ ಹೊಲವನ್ನು ಲೇಔಟ್ ಮಾಡುವವನ ಕಾರಿನಲ್ಲೂ ಅದೇ ಸಿನಿಮಾದ ಹಾಡು, ಅದೂ ಫುಲ್ ವಾಲ್ಯೂಮಿನಲ್ಲಿ.

ಇನ್ನು ಲಂಡನ್ ಕಥೆ ಕೇಳಿ. 1970ರ 'ಪೂರಬ್ ಔರ್ ಪಶ್ಚಿಮ್'ನಲ್ಲಿ ಲಂಡನ್ ಅಂದರೆ ಕೆಟ್ಟ ಜಾಗ. ಅಲ್ಲಿ ಬೆಳೆದ ಸಾಯಿರಾ ಬಾನು ತಲೆ ಮೇಲೆ ಹೊಂಬಣ್ಣದ ವಿಗ್ಗು, ಕೈಯಲ್ಲಿ ಸಿಗರೇಟು. ಇಂಡಿಯಾಕ್ಕೆ ಕರೆತಂದು ಸೀರೆ ಉಡಿಸಿದ ಮೇಲೇ ಹುಡುಗಿ ಸರಿಹೋದಳು. ಆಮೇಲೆ 1991 ಬಂತು. ಬೊಕ್ಕಸದಲ್ಲಿ ಡಾಲರ್ ಇಲ್ಲ. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನಕ್ಕೆ ಹಾಕಿ ಅಡವಿಡಲು ಕಳಿಸಿತು. ಎಲ್ಲಿಗೆ? ಅದೇ ಲಂಡನ್ನಿಗೆ. ಸರಿಯಾಗಿ ನಾಲ್ಕೇ ವರ್ಷಕ್ಕೆ, 1995ರಲ್ಲಿ, 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಹೀರೋ ಲಂಡನ್ನಿನ ಶ್ರೀಮಂತರ ಮಗ! ಕೊಡಲ್ಲ ಅಂದರೂ ಅಂಗಡಿಯಿಂದ ಬಿಯರ್ ಎತ್ತಿಕೊಂಡು, ದುಡ್ಡು ಎಸೆದು ಓಡುತ್ತಾನೆ, ಆದರೆ ಹುಡುಗಿಯ ಅಪ್ಪ ಒಪ್ಪದೆ ಓಡಿಹೋಗಲ್ಲ ಅಂತಾನೆ. ಭಾರತೀಯ ಸಂಸ್ಕೃತಿ ಏನು ಅಂತ ಪಂಜಾಬಿನ ಸಾಸಿವೆ ಹೊಲದಲ್ಲಿ ನಿಂತು ನಮಗೇ ಪಾಠ ಮಾಡಿ ಹೋದ. ಸಾಲ ಕೊಟ್ಟ ಊರನ್ನು ಬೈಯೋದು ಹೇಗೆ, ಅಲ್ವಾ?

ಈಗ ಪೌಡರ್ ಸಾಲದು ಅಂತ ಗ್ರಾಫಿಕ್ಸ್ ಬಂದಿದೆ. ಹೀರೋ ಸ್ಲೋ ಮೋಷನ್ನಿನಲ್ಲಿ ಒಬ್ಬನೇ ಗಡಿ ದಾಟಿ, ಶತ್ರುವಿನ ಅರ್ಧ ಸೈನ್ಯ ಮುಗಿಸಿ, ಡೈಲಾಗಿಗೆ ಹೊತ್ತಾಯಿತು ಅಂತ ಇಂಟರ್ವಲ್ ಮುಂಚೆ ವಾಪಸ್ ಬರುತ್ತಾನೆ. ಇಂಥ ಸಿನಿಮಾ ಸರ್ಕಾರಕ್ಕೆ ಇಷ್ಟವಾದರೆ ತೆರಿಗೆ ವಿನಾಯಿತಿ ಉಂಟು. ಪಾಪ್‌ಕಾರ್ನ್‌ಗೆ ಮಾತ್ರ ಇಲ್ಲ.