ಪಾಸ್‌ಪೋರ್ಟಿಗೆ ಪ್ರಾಣಭಯ

ಅಮೆರಿಕದ ಪಾಸ್‌ಪೋರ್ಟ್ ತುಂಬಾ ಅಂಜುಬುರುಕ. 2017ರ ಸೆಪ್ಟೆಂಬರ್ 1ರಿಂದ ಅದು ಉತ್ತರ ಕೊರಿಯಾ ಕಡೆ ತಲೆ ಹಾಕಿಯೂ ಮಲಗುವುದಿಲ್ಲ; ಅಲ್ಲಿಗೆ ಹೋಗಲು ಅದು ನಡೆಯುವುದಿಲ್ಲ ಅಂತ ಅಮೆರಿಕ ಸರ್ಕಾರದ್ದೇ ನಿಷೇಧ. ಅಲ್ಲಿ ಸೆರೆಯಲ್ಲಿದ್ದ ಒಬ್ಬ ವಿದ್ಯಾರ್ಥಿ ಆ ವರ್ಷ ಪ್ರಜ್ಞೆಯಿಲ್ಲದೆ ಮನೆಗೆ ಬಂದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರುವುದು ಆಮೇಲೆ ಬಂದ ಅರ್ಜಿಯನ್ನು ನೋಡಿದಾಗ.

ಹೌದು, ಅರ್ಜಿ ಇದೆ. ಪತ್ರಕರ್ತರು, ರೆಡ್ ಕ್ರಾಸ್‌ನವರು, ನೆರವಿನ ಕೆಲಸದವರು, ಹೋದರೆ ದೇಶಕ್ಕೇ ಹಿತ ಅಂತ ಸರ್ಕಾರಕ್ಕೆ ಅನಿಸುವವರು ವಿಶೇಷ ಪಾಸ್‌ಪೋರ್ಟ್ ಕೇಳಬಹುದು. ಮಾಮೂಲಿ ಪುಸ್ತಕ ಹಿಡಿದು ಹೋದರೆ ಅಪಾಯ. ವಿಶೇಷ ಪುಸ್ತಕ ಹಿಡಿದು ಹೋದರೆ ಅದೇ ದೇಶ, ಅದೇ ಪೊಲೀಸರು, ಅದೇ ಜೈಲು. ಆದರೆ ಈಗ ಕಡತದಲ್ಲಿ ಸಹಿ ಬಿದ್ದಿದೆ ಅಲ್ವಾ!

ಇಷ್ಟಾದ ಮೇಲೂ ಸರ್ಕಾರಕ್ಕೆ ಸಮಾಧಾನ ಇಲ್ಲ. ಹೊರಡುವ ಮುಂಚೆ ಉಯಿಲು ಬರೆದಿಡಿ ಅನ್ನುತ್ತದೆ. ಮಕ್ಕಳು, ಸಾಕುಪ್ರಾಣಿ, ಮನೆ, ಕಲಾಕೃತಿಗಳು ಯಾರ ಪಾಲಿಗೆ, ಅಂತ್ಯಕ್ರಿಯೆ ಹೇಗೆ ಅಂತ ಮನೆಯವರ ಜೊತೆ ಮಾತಾಡಿಕೊಳ್ಳಿ ಅನ್ನುತ್ತದೆ. ನನ್ನನ್ನು ಕೇಳಿದರೆ, ಬೆಕ್ಕು ಯಾರಿಗೆ ಅಂತ ತೀರ್ಮಾನ ಆಗುವಷ್ಟರಲ್ಲಿ ಆ ವಿಶೇಷ ಪಾಸ್‌ಪೋರ್ಟಿನ ಅವಧಿಯೇ ಮುಗಿದಿರುತ್ತದೆ.

ಉಯಿಲಿನ ಈ ಬುದ್ಧಿಮಾತು ಸೊಮಾಲಿಯಾಕ್ಕೂ ಇದೆ, ಯೆಮನ್‌ಗೂ ಇದೆ. ಅಲ್ಲಿಗೆ ಮಾತ್ರ ಮಾಮೂಲಿ ಪಾಸ್‌ಪೋರ್ಟೇ ಎದೆಯುಬ್ಬಿಸಿಕೊಂಡು ಹೋಗುತ್ತದೆ. ಅಲ್ಲಿನ ಗುಂಡುಗಳಿಗೆ ಕಾಗದದ ಮೇಲೆ ದ್ವೇಷ ಇಲ್ಲ ಅಂತ ಕಾಣುತ್ತದೆ.

ಕ್ಯೂಬಾದ ಕತೆ ಇನ್ನೂ ಚೆಂದ. ಅಲ್ಲಿಗೆ ಪಾಸ್‌ಪೋರ್ಟ್ ಹೋಗಬಹುದು, ಪರ್ಸ್ ಹೋಗಬಾರದು. ಅದಕ್ಕೇ ಈ ನಿಯಮ ಕಾಯುವುದು ಅಮೆರಿಕದ ಖಜಾನೆ ಇಲಾಖೆ. ಹೋಗಿ ಖರ್ಚು ಮಾಡಲು 12 ಬಗೆಯ ಕಾರಣಗಳಿಗೆ ಒಪ್ಪಿಗೆ ಇದೆ. ಸುಮ್ನೆ ಸುತ್ತಾಡಿ ಬರುವುದು ಆ ಪಟ್ಟಿಯಲ್ಲಿಲ್ಲ. ಕಡಲ ದಂಡೆಯಲ್ಲಿ ಕಾಲು ಚಾಚಿ ಮಲಗಿದರೆ ತಪ್ಪು. ಅದೇ ದಂಡೆಯ ಮೇಲೆ ಸಂಶೋಧನೆ ಮಾಡಿದರೆ ಸರಿ.

ದಕ್ಷಿಣ ಕೊರಿಯಾದವರು ಇನ್ನೂ ಖಡಕ್. ನಿಷೇಧಿಸಿದ ದೇಶಕ್ಕೆ ಅಪ್ಪಣೆ ಇಲ್ಲದೆ ಹೋದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಕೋಟಿ ವೋನ್‌ವರೆಗೆ ದಂಡ. 2022ರಲ್ಲಿ ಉಕ್ರೇನ್ ಕೂಡ ಆ ಪಟ್ಟಿಗೆ ಸೇರಿತು. ಕ್ಷಿಪಣಿಗಳಿಂದ ಹೇಗೋ ಪಾರಾಗಿ ಬಂದವನಿಗೆ ವಿಮಾನ ನಿಲ್ದಾಣದಲ್ಲಿ ಅಪಾಯ ಕಾದಿರುತ್ತದೆ.

ಇಷ್ಟೆಲ್ಲ ಬೀಗ ಹಾಕಿಟ್ಟ ಮೇಲೆ ಆದದ್ದೇನು? 2023ರ ಜುಲೈನಲ್ಲಿ ಎರಡು ಕೊರಿಯಾಗಳ ಗಡಿಯಲ್ಲಿರುವ ಪನ್‌ಮುಂಜೋಮ್ ನೋಡಲು ಬಂದಿದ್ದ ಪ್ರವಾಸಿಗರ ಗುಂಪಿನಿಂದ ಅಮೆರಿಕದ ಸೈನಿಕನೊಬ್ಬ ಇದ್ದಕ್ಕಿದ್ದಂತೆ ಗಡಿ ದಾಟಿ ಉತ್ತರಕ್ಕೆ ಓಟ ಕಿತ್ತ. ಎರಡು ತಿಂಗಳು ಇಟ್ಟುಕೊಂಡು ಅವರೇ ಹೊರಗೆ ಕಳಿಸಿದರು. ಓಡುವವನನ್ನು ನಿಲ್ಲಿಸಿ, ನಿನ್ನದು ಮಾಮೂಲಿ ಪಾಸ್‌ಪೋರ್ಟೋ ವಿಶೇಷದ್ದೋ ಅಂತ ಕೇಳುವಷ್ಟು ಪುರುಸೊತ್ತು ಎರಡೂ ಕಡೆಯವರಿಗೆ ಇರಲಿಲ್ಲ.