ಟೈಂಪಾಸ್ ಅಂತೆ!

ನಿನ್ನೆ ಒಂದು ನಾಮಕರಣಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿದ್ದ ಹುಡುಗ, ದೂರದ ಸಂಬಂಧ, ಮಾತಿಗೆಳೆದ. "ಅಂಕಲ್, ಪಿಟೀಲು ಕಲೀತಿದ್ದೀರಂತೆ? ಒಳ್ಳೇದು ಬಿಡಿ, ಟೈಂಪಾಸ್ ಆಗುತ್ತೆ." ಹೋಳಿಗೆಗೆ ತುಪ್ಪ ಬಡಿಸುತ್ತಿದ್ದರು. ಇನ್ನೊಂದು ಚಮಚ ಹಾಕಿಸಿಕೊಂಡು ಸುಮ್ಮನಾದೆ. ಆದರೆ ಆ ಪದ ಹಲ್ಲಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಇವತ್ತೂ ಕಾಡುತ್ತಿದೆ.

ಟೈಂಪಾಸ್ ಅಂದರೆ ಬಸ್‌ಸ್ಟ್ಯಾಂಡಲ್ಲಿ ಕೂತು ಕಡಲೇಕಾಯಿ ತಿನ್ನೋದು. ಬೆಳಿಗ್ಗೆ ಐದೂವರೆಗೆ ಎದ್ದು ಮಾಯಾಮಾಳವಗೌಳ ರಾಗದ ಜಂಟಿವರಸೆ ಪಾಠವನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಉಜ್ಜೋದಲ್ಲ. ಪಿಟೀಲಿಗೆ ವೀಣೆಯ ಹಾಗೆ ಸ್ವರದ ಜಾಗ ತೋರಿಸೋ ಮೆಟ್ಟಿಲು ಇಲ್ಲ ಮಾರಾಯ್ರೇ! ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಗಾಂಧಾರ, ಸರಿಗಮದ ಆ 'ಗ', ಅಳುತ್ತದೆ. ಎಡಗೈ ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿದೆ, ಬೇಕಾದರೆ ಬಂದು ನೋಡಿ.

ನನ್ನ ಕಥೆ ಕೇಳಿ. ಟೈಪಿಂಗ್ ಸೀನಿಯರ್ ಪಾಸು ಮಾಡಿ 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. ಹಿತ್ತಾಳೆ ಟೋಕನ್, ಎತ್ತಿದರೆ ಸೊಂಟ ಹಿಡಿಯುವ ಲೆಡ್ಜರು. ಬ್ಯಾಂಕ್ ನೌಕರರ ಸಿಎಐಐಬಿ ಪರೀಕ್ಷೆಗೆ ಓದಿದಾಗ ಎಲ್ಲರೂ ಶಹಬ್ಬಾಸ್ ಅಂದರು. ಯಾಕೆ? ಪಾಸಾದರೆ ಇನ್‌ಕ್ರಿಮೆಂಟ್ ಸಿಗುತ್ತಿತ್ತು. ಆಮೇಲೆ ಮೈಸೂರಿನ ಅಂಚೆ ತೆರಪಿನ ಶಿಕ್ಷಣಕ್ಕೆ ಕಟ್ಟಿ ಕನ್ನಡ ಎಂಎ ಮಾಡಿದೆ. ಅದಕ್ಕೆ ಇನ್‌ಕ್ರಿಮೆಂಟ್ ಇಲ್ಲ. ಹಾಗಾಗಿ ಅದು ಟೈಂಪಾಸ್! ಕಾಸು ಬಂದರೆ ಕಲಿಕೆ, ಬರದಿದ್ದರೆ ಟೈಂಪಾಸ್. ಲೆಕ್ಕ ಅಷ್ಟೇ.

ನಲವತ್ತರ ಹೊತ್ತಿಗೆ ಕಂಪ್ಯೂಟರ್ ಕಲಿತೆ. 2001ರಲ್ಲಿ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು, ಟ್ಯುಟೋರಿಯಲ್ ಒಂದರಲ್ಲಿ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಟ್ಟೆ. ಪಿಟೀಲು ಹಿಡಿದದ್ದು 2019ರಲ್ಲಿ, ಅರವತ್ತಾರಕ್ಕೆ. ಸಂಗೀತ ಜೂನಿಯರ್ ಪರೀಕ್ಷೆಗೆ ಹೋದಾಗ ಬಾಗಿಲಲ್ಲಿದ್ದ ಮೇಡಂ, "ಮೊಮ್ಮಗಳನ್ನ ಬಿಟ್ಟು ನೀವು ಆಚೆ ಕೂತ್ಕೊಳಿ ಸಾರ್" ಅಂದರು. ಹಾಲ್ ಟಿಕೆಟ್ ತೋರಿಸಿದೆ. ಪಾಪ, ಆಮೇಲೆ ಅವರೇ ಕುರ್ಚಿ ತಂದುಕೊಟ್ಟರು.

"ಈ ವಯಸ್ಸಲ್ಲಿ ಶುರು ಮಾಡಿದರೆ ಕಛೇರಿ ಕೊಡೋಕಾಗುತ್ತೇನ್ರೀ?" ಅಂತ ಹಳೇ ಸಹೋದ್ಯೋಗಿ ಒಬ್ಬರು ಕೇಳಿದ್ದರು. ಆಗಲ್ಲ. ಬೆರಳು ಬಗ್ಗಲ್ಲ, ಒಪ್ಪಿದೆ. ಲಾಲ್‌ಬಾಗಲ್ಲಿ ದಿನಾ ನಡೆಯುತ್ತಾರಲ್ಲ ಅವರು, ಒಲಿಂಪಿಕ್ಸ್‌ಗಾ?

ಈ ಟೈಂಪಾಸ್ ಅನ್ನೋ ಮಾತೆಲ್ಲ ನಮ್ಮಂಥವರಿಗೆ ಮಾತ್ರ ನೋಡಿ. ತುಮಕೂರು ಸೀಮೆಯ ರಾಜಾ ರಾಮಣ್ಣ ಅಣು ವಿಜ್ಞಾನಿ. 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಇಷ್ಟರ ನಡುವೆ ಪಿಯಾನೋ ಬಿಡಲಿಲ್ಲ. 1993ರಲ್ಲಿ ನಮ್ಮ ರಾಗಗಳು, ಪಾಶ್ಚಾತ್ಯ ಸಂಗೀತ ಎರಡರ ರಚನೆ ಬಗ್ಗೆ ಪುಸ್ತಕವನ್ನೇ ಬರೆದರು. ಕೃತಿಗಳನ್ನು ರಚಿಸಿದ ಸಂಗೀತ ವಿದ್ವಾಂಸ ಮೈಸೂರು ವಾಸುದೇವಾಚಾರ್ಯರು ಎಂಬತ್ತು ದಾಟಿದ ಮೇಲೆ ಊರು ಬಿಟ್ಟು ಮದ್ರಾಸಿನ ನೃತ್ಯ-ಸಂಗೀತ ಶಾಲೆ ಕಲಾಕ್ಷೇತ್ರಕ್ಕೆ ಹೋಗಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕಟ್ಟಿದರು. ಅವರದೂ ಟೈಂಪಾಸಾ? ಕೇಳಿ ನೋಡೋಣ ಧೈರ್ಯ ಇದ್ದರೆ.

ಇಷ್ಟು ಬರೆದ ಮೇಲೆ ಒಂದು ವಿಷಯ ಹೇಳದಿದ್ದರೆ ಅನ್ನ ಜೀರ್ಣ ಆಗಲ್ಲ.

1993ರಲ್ಲಿ ನಮ್ಮ ಮನೆಯವರು, ಮದುವೆಗೆ ಮುಂಚೆ ಕಲಿತಿದ್ದ ವೀಣೆ ಮತ್ತೆ ಶುರು ಮಾಡಲಾ ಅಂತ ಕೇಳಿದ್ದರು. ಪೇಪರಿನಿಂದ ಮುಖ ಎತ್ತದೆ ನಾನಂದದ್ದು: "ಈಗ್ಯಾಕೆ? ಟೈಂಪಾಸಿಗೆ ಟಿವಿ ಇದೆಯಲ್ಲ." ಹೌದು, ಇದೇ ಪದ. ಇದೇ ಬಾಯಿ.

ಆ ವೀಣೆ ಇಪ್ಪತ್ತಾರು ವರ್ಷ ಅಟ್ಟದ ಮೇಲಿತ್ತು. ನಾನು ಪಿಟೀಲು ತಂದ ವಾರ ಅವಳು ಬೇರೇನೂ ಹೇಳದೆ ಅದನ್ನು ಇಳಿಸಿಕೊಡಿ ಅಂದಳು. ಸುತ್ತಿದ್ದ ಹಳೇ ಸೀರೆ ಬಿಚ್ಚಿದೆವು. ಅಷ್ಟು ಬೇಸಿಗೆಗಳ ಸೆಕೆಗೆ ಮೆಟ್ಟಿಲು ಹಿಡಿದಿದ್ದ ಮೇಣ ಕರಗಿ ಇಳಿದು, ಇಪ್ಪತ್ನಾಲ್ಕು ಮೆಟ್ಟಿಲಲ್ಲಿ ಒಂದೂ ನೆಟ್ಟಗಿರಲಿಲ್ಲ. ಒಂದು ಕಳಚಿ ನನ್ನ ಕೈಗೇ ಬಂತು. ರಿಪೇರಿಯವರು ಹಳೇ ಮೇಣ ಕೆರೆದು ತೆಗೆದು, ಹೊಸದಾಗಿ ಮೇಳ ಕಟ್ಟಿಕೊಟ್ಟರು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸಿಕೊಟ್ಟರು. ದುಡ್ಡು ನಾನೇ ಕೊಟ್ಟೆ. ದೊಡ್ಡ ಉಪಕಾರ!

ನಾನಂದ ಮಾತನ್ನು ಅವಳು ಒಂದು ದಿನವೂ ಎತ್ತಿಲ್ಲ. ಈಗ ಬೆಳಿಗ್ಗೆ ನಾನು ಹಾಲಲ್ಲಿ ಕೂತು ಉಜ್ಜುತ್ತಿರುತ್ತೇನೆ. ಒಗ್ಗರಣೆ ಸದ್ದನ್ನೂ ಮೀರಿ ಅಡುಗೆಮನೆಯಿಂದ ಕೂಗು ಬರುತ್ತದೆ: "ರೀ, ಗಾಂಧಾರ ಇಳೀತು!"